ಜೋಳಿಗೆಯು ಮರಳಿ ಬರಬೇಕು

(ಶ್ರೀಮಠದ ಸುವರ್ಣ ಮಹೋತ್ಸವದ ಅಂಗವಾಗಿ ಜರುಗಿದ ದುರ್ವ್ಯಸನ ನಿವಾರಣಾ ಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಈ ಪುಣ್ಯಸಮಾರಂಭದಲ್ಲಿ ದುರ್ವ್ಯಸನ ನಿವಾರಣೆಯ ವಿಷಯವಾಗಿ ನಾಲ್ಕು ಮಾತುಗಳನ್ನು ಆಡಬೇಕೆಂದು ನನಗೆ ಅಪ್ಪಣೆಯಾಗಿದೆ. ನಾನು ಪಂಡಿತನಲ್ಲ, ವೈದ್ಯನಲ್ಲ. ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ ವಿಶ್ರಾಂತನಾದವನು. ಆದರೂ ಅನೇಕ ವರ್ಷಗಳ ಕಾಲ ಜಾತ್ರೆಯ ಸಮಯದಲ್ಲಿ ಪ್ರತಿಜ್ಞಾ ಪುಸ್ತಕವನ್ನು ಹಿಡಿದು ಕುಳಿತವನಾದ್ದರಿಂದ, ಆ ಪುಸ್ತಕವು ನನಗೆ ಕಲಿಸಿದ ಪಾಠವನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುವದು ನನ್ನ ಕರ್ತವ್ಯವೆಂದು ತಿಳಿಯುತ್ತೇನೆ.

ಕುಡಿತದಿಂದ ಹೊಲ ಮಾರುವದು, ಮನೆ ಒಡೆಯುವದು, ಮೈ ಕೆಡುವದು ಎಂಬುದನ್ನು ನಾನು ಇಲ್ಲಿ ವರ್ಣಿಸುವದಿಲ್ಲ. ಆ ಉಪದೇಶವನ್ನು ನಾವು ಕುಡಿಯುವವನಿಗೆ ಸಾವಿರ ಸಲ ಮಾಡಿದ್ದೇವೆ. ಕುಡಿತವು ಕೆಟ್ಟದ್ದೆಂಬದನ್ನು ನಮಗಿಂತ ಚೆನ್ನಾಗಿ ಅವನೇ ಬಲ್ಲನು. ಬೆಳಗಿನ ಜಾವದಲ್ಲಿ ಎಚ್ಚತ್ತು, ಹೆಂಡತಿಯ ಮೋರೆಯನ್ನು ನೋಡಲಾರದೆ ಗೋಡೆಯ ಕಡೆಗೆ ತಿರುಗಿ ಮಲಗುವವನು ಅವನೇ. ಆದ್ದರಿಂದ ಇಂದು ನಾನು ಪರೀಕ್ಷಿಸಬೇಕೆಂದಿರುವದು ಕುಡಿಯುವವನ ದೋಷಗಳನ್ನಲ್ಲ. ಅವನನ್ನು ಬಿಡಿಸಹೊರಟ ನಮ್ಮ ಉಪಾಯಗಳ ದೋಷಗಳನ್ನು.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಹಲವು ವರ್ಷಗಳ ಹಿಂದೆ ಹಿರೇಕೆರೂರು ತಾಲೂಕಿನ ಒಬ್ಬ ಒಕ್ಕಲಿಗನು ಜಾತ್ರೆಯ ದಿನ ಸಾವಿರ ಜನರ ಮುಂದೆ ನಿಂತು, ಇಂದಿನಿಂದ ಮುಟ್ಟೆನೆಂದು ಪ್ರತಿಜ್ಞೆ ಮಾಡಿದನು. ಇಪ್ಪತ್ತು ವರ್ಷ ಬೆಳಗ್ಗೆ ಎದ್ದೊಡನೆ ಕುಡಿದವನು ಆತ. ಅವನ ಹೆಸರನ್ನು ಬರೆದುಕೊಂಡವನು ನಾನು. ಜನರು ಚಪ್ಪಾಳೆ ತಟ್ಟಿದರು; ಅವನ ತಾಯಿ ಅತ್ತಳು. ಮರುದಿನ ಅವನ ಕೈಗಳು ನಡುಗಹತ್ತಿದವು. ಮೂರನೆಯ ರಾತ್ರಿ ಗೋಡೆಯ ತುಂಬ ಹುಳಗಳು ಹರಿದಾಡುತ್ತವೆಂದು ಕೂಗಿದನು. ಸತ್ತುಹೋದ ತಂದೆಯೊಡನೆ ಮಾತನಾಡಿದನು. ಮನೆಯವರು ಗಾಳಿ ಸೋಂಕಿತೆಂದು ಬಗೆದು ಭಸ್ಮ ತರಿಸಿದರು. ಬೆಳಗಾಗುವ ಮೊದಲು ಅವನಿಗೆ ಸೆಳವು ಬಂದಿತು. ದವಾಖಾನೆಯ ದಾರಿಯಲ್ಲಿಯೇ ಪ್ರಾಣ ಹೋಯಿತು.

ಅವನನ್ನು ಕೊಂದದ್ದು ಗಾಳಿಯಲ್ಲ, ನಮ್ಮ ಅಜ್ಞಾನ. ಬಹುಕಾಲ ಪ್ರತಿನಿತ್ಯ ಮದ್ಯದಲ್ಲಿ ನೆನೆದ ಮಿದುಳು ಆ ಮಂಪರಿಗೆ ಒಗ್ಗಿಕೊಂಡಿರುತ್ತದೆ. ಅದನ್ನು ಒಮ್ಮೆಲೆ ಕಿತ್ತುಕೊಂಡರೆ ನರಗಳು ಹುಚ್ಚೇಳುತ್ತವೆ. ಮೊದಲ ದಿನ ನಡುಕ, ಬೆವರು, ನಿದ್ರಾನಾಶ. ಒಂದೆರಡು ದಿನಗಳಲ್ಲಿ ಸೆಳವು ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗಾಗಿ ಭ್ರಮೆ, ಜ್ವರ, ಬುದ್ಧಿಭ್ರಂಶಗಳು ತಲೆದೋರಬಹುದು. ಎಲ್ಲರಿಗೂ ಹೀಗಾಗುವದಿಲ್ಲ, ಆದರೆ ಯಾರಿಗೆ ಆಗುವದೋ ಅವರಿಗೆ ಪ್ರಾಣಾಪಾಯವಿದೆ. ವೈದ್ಯನು ತಕ್ಕ ಔಷಧವನ್ನೂ ಬಿ-1 ಜೀವಸತ್ವವನ್ನೂ ಕೊಟ್ಟು ಈ ಗಂಡಾಂತರವನ್ನು ಬಹುಮಟ್ಟಿಗೆ ತಪ್ಪಿಸಬಲ್ಲನು. ಇದಾವುದೂ ಗುಟ್ಟಿನ ವಿದ್ಯೆಯಲ್ಲ. ನಾವು ಕೇಳಲಿಲ್ಲ, ಅಷ್ಟೆ. ನಮ್ಮ ಪುಸ್ತಕದಲ್ಲಿ ಆತನ ಹೆಸರು ಇಂದಿಗೂ ವ್ಯಸನ ಬಿಟ್ಟವರ ಲೆಕ್ಕದಲ್ಲಿಯೇ ಇದೆ.

ಆ ದಿನದಿಂದ ನಾನು ನಮ್ಮ ಉಪಾಯಗಳನ್ನು ಒಂದೊಂದಾಗಿ ತೂಗಿ ನೋಡಹತ್ತಿದೆನು.

ಮೊದಲನೆಯದು ಕಾಯಿದೆ. ನಮ್ಮ ಸೀಮೆಯು ಈ ಉಪಾಯವನ್ನು ಕಣ್ಣಾರೆ ಕಂಡಿದೆ. ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರುಗಳು ಆಗ ಧಾರವಾಡ ಜಿಲ್ಲೆಗೆ ಸೇರಿ ಮುಂಬಯಿ ಆಡಳಿತದಲ್ಲಿದ್ದವು. ನವಾಬರ ಸವಣೂರು 1948ರಲ್ಲಿ ಅದರಲ್ಲಿ ವಿಲೀನವಾಯಿತು. 1949ರಲ್ಲಿ ಮುಂಬಯಿ ಪಾನನಿರೋಧ ಕಾಯಿದೆಯು ಬಂದಿತು. ಅಂಗಡಿಗಳು ಮುಚ್ಚಿದವು, ಕಳ್ಳಭಟ್ಟಿಗಳು ತೆರೆದವು. 1956ರಲ್ಲಿ ನಾವು ಮೈಸೂರು ರಾಜ್ಯವನ್ನು ಸೇರಿದೆವು. 1967ರಲ್ಲಿ ಆ ರಾಜ್ಯವು ಪಾನನಿರೋಧವನ್ನು ಕೈಬಿಟ್ಟಿತು. ಅನಂತರ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸಾರಾಯಿಯ ವಿರುದ್ಧ ಬೀದಿಗಿಳಿದು ಹೋರಾಡಿದ ತಾಯಂದಿರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಸಾರಾಯಿಯ ಪೊಟ್ಟಣವು ಹೋದ ಸ್ಥಳಕ್ಕೆ ಅಗ್ಗದ ವ್ಹಿಸ್ಕಿಯ ಪೊಟ್ಟಣವು ಬಂದು ಕುಳಿತದ್ದನ್ನು ಆ ತಾಯಂದಿರೇ ಕಂಡಿದ್ದಾರೆ. ರಾಜ್ಯದ ಬೊಕ್ಕಸಕ್ಕೆ ಅಬಕಾರಿಯಿಂದ ಬರುವ ಉತ್ಪನ್ನವು ಈಗ ವರ್ಷಕ್ಕೆ 30,000 ಕೋಟಿ ರೂಪಾಯಿಗಳನ್ನು ಮೀರಿದೆ. ಒಂದು ಕೈ ಮಾರುತ್ತದೆ, ಇನ್ನೊಂದು ಕೈ ಮಾರಬಾರದೆಂಬ ಭಿತ್ತಿಪತ್ರವನ್ನು ಅಂಟಿಸುತ್ತದೆ. ಕಾಯಿದೆಯು ಬೇಡವೆಂದು ನಾನು ಹೇಳುವದಿಲ್ಲ. ಊರಿನಲ್ಲಿ ಅಂಗಡಿ ಕಡಿಮೆಯಾದಷ್ಟೂ ಒಳ್ಳೆಯದೇ. ಆದರೆ ಕಾಯಿದೆಯು ಅಂಗಡಿಯನ್ನು ಮುಚ್ಚಬಲ್ಲದು, ತೃಷೆಯನ್ನು ಮುಚ್ಚಲಾರದು.

ಎರಡನೆಯದು ಗುಟ್ಟಿನ ಔಷಧ. ಅನ್ನದಲ್ಲಿಯೋ ಚಹದಲ್ಲಿಯೋ ಅವನಿಗೆ ತಿಳಿಯದಂತೆ ಬೆರೆಸಿಕೊಡಿರಿ, ತಾನಾಗಿಯೇ ಬಿಡುತ್ತಾನೆ ಎಂಬ ಜಾಹೀರಾತನ್ನು ತಾವೆಲ್ಲ ನೋಡಿದ್ದೀರಿ. ಡಿಸಲ್ಫಿರಾಂ ಎಂಬ ಗುಳಿಗೆಯ ಈ ಗುಣವನ್ನು ಡೆನ್ಮಾರ್ಕಿನ ವಿಜ್ಞಾನಿಗಳು 1948ರಲ್ಲಿ ಪ್ರಕಟಿಸಿದರು. ಅದನ್ನು ಸೇವಿಸಿದವನು ಮದ್ಯ ಮುಟ್ಟಿದರೆ ಮೋರೆ ಕೆಂಪೇರಿ, ವಾಂತಿಯಾಗಿ, ಎದೆ ಬಡಿದುಕೊಂಡು, ರಕ್ತದ ಒತ್ತಡವು ಇಳಿಯುತ್ತದೆ. ತಿಳಿದು, ಒಪ್ಪಿ, ವೈದ್ಯನ ಕಣ್ಣೆದುರಿಗೆ ತೆಗೆದುಕೊಳ್ಳುವವನಿಗೆ ಅದು ಒಂದು ಊರುಗೋಲು. ತಿಳಿಯದವನಿಗೆ ಅದು ವಿಷಕ್ಕೆ ಸಮಾನ. ಇನ್ನು ಹೆಸರಿಲ್ಲದ ಪುಡಿಗಳಲ್ಲಿ ಏನಿರುವದೋ ಶಿವನೇ ಬಲ್ಲ. ಪ್ರಾಣದ ಮಾತು ಒತ್ತಟ್ಟಿಗಿರಲಿ. ಹೆಂಡತಿ ಬಡಿಸಿದ ಅನ್ನವನ್ನು ಗಂಡನು ಸಂಶಯದಿಂದ ನೋಡಹತ್ತಿದ ಮೇಲೆ ಆ ಮನೆಯಲ್ಲಿ ಯಾವ ಔಷಧವು ನಾಟೀತು?

ಮೂರನೆಯದು ದವಾಖಾನೆ ಮತ್ತು ಶಿಬಿರಗಳು. ಇವನ್ನು ನಿಂದಿಸುವ ಕೃತಘ್ನತೆಯು ನನಗೆ ಬೇಡ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಮೊದಲಾದೆಡೆಗಳಲ್ಲಿ ಅನೇಕರಿಗೆ ಪುನರ್ಜನ್ಮವಾಗಿದೆ. ನನ್ನ ದೂರು ಬೇರೆ. ಕೇಂದ್ರ ಸರಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆಯವರು ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಂತೆ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದೆ. ಒಳರೋಗಿಯಾಗಿ ಚಿಕಿತ್ಸೆ ಪಡೆದವನು 180ರಲ್ಲಿ ಒಬ್ಬನು. ಉಳಿದವರು ಎಲ್ಲಿದ್ದಾರೆ? ನಮ್ಮ ಓಣಿಗಳಲ್ಲಿ, ನಮ್ಮ ಮನೆಗಳ ಹಿತ್ತಲುಗಳಲ್ಲಿ. ಇನ್ನು ದವಾಖಾನೆಗೆ ಹೋದ ಆ ಒಬ್ಬನಾದರೂ ತಿಂಗಳೊಪ್ಪತ್ತು ಅಲ್ಲಿದ್ದು, ಮೈ ತೊಳೆದುಕೊಂಡು, ಅದೇ ಊರಿಗೆ, ಅದೇ ಸಾಲಕ್ಕೆ, ಅದೇ ಗೆಳೆಯರಿಗೆ, ಮುಚ್ಚಂಜೆಯ ಅದೇ ಏಕಾಂತಕ್ಕೆ ಮರಳುತ್ತಾನೆ. ತೊಳೆದ ಅರಿವೆಯನ್ನು ಮತ್ತೆ ಅದೇ ಕೆಸರಿನಲ್ಲಿ ಒಣಗಹಾಕಿ, ಅರಿವೆಯೇ ಕೆಟ್ಟದ್ದೆಂದು ನಾವು ತೀರ್ಪು ಹೇಳುತ್ತೇವೆ.

ಸ್ಥಳದ ಮಹಿಮೆಯು ಎಷ್ಟೆಂಬದಕ್ಕೆ ಹೊರದೇಶದ ಒಂದು ದೃಷ್ಟಾಂತವನ್ನು ಹೇಳುವೆನು. ವಿಯೆಟ್ನಾಂ ಯುದ್ಧದಲ್ಲಿ ಅಮೇರಿಕೆಯ ಅನೇಕ ಸೈನಿಕರು ಹೆರಾಯಿನ್ ಎಂಬ ಘೋರ ಮಾದಕಕ್ಕೆ ದಾಸರಾಗಿದ್ದರು. ಇವರು ಊರಿಗೆ ಬಂದರೆ ಗತಿಯೇನೆಂದು ಆ ಸರಕಾರವು ನಡುಗಿತು. ಲೀ ರಾಬಿನ್ಸ್ ಎಂಬ ವಿದುಷಿಯು 1971ರಲ್ಲಿ ಮರಳಿದ ಸೈನಿಕರ ಬೆನ್ನುಹತ್ತಿ ವಿಚಾರಿಸಿದಾಗ, ಅಲ್ಲಿ ದಾಸರಾಗಿದ್ದವರಲ್ಲಿ ಮೊದಲ ವರ್ಷದೊಳಗೆ ಮತ್ತೆ ದಾಸರಾದವರು ನೂರಕ್ಕೆ ಸುಮಾರು 5 ಜನ ಮಾತ್ರವೆಂದು ಕಂಡುಬಂದಿತು. ಅವರಲ್ಲಿ ಬಹುಜನರು ಊರಿನಲ್ಲಿ ಯಾವ ಚಿಕಿತ್ಸೆಯನ್ನೂ ಪಡೆದಿರಲಿಲ್ಲ. ಅವರ ಸ್ಥಳ ಬದಲಾಗಿತ್ತು, ಸಂಗ ಬದಲಾಗಿತ್ತು, ಮಾಡುವ ಕೆಲಸ ಬದಲಾಗಿತ್ತು. ಮದ್ಯದ ಮಾತಿಗೆ ಇದು ಪೂರ್ಣವಾಗಿ ಒಪ್ಪದಿದ್ದೀತು. ಆದರೂ ಒಂದು ಸಂಗತಿಯನ್ನು ನಾವು ಕಲಿಯಬಹುದು. ಸೈನಿಕನು ಯುದ್ಧಭೂಮಿಯನ್ನು ಬಿಟ್ಟು ಬಂದನು. ನಮ್ಮ ಒಕ್ಕಲಿಗನು ತನ್ನ ಹೊಲವನ್ನು ಬಿಟ್ಟು ಎಲ್ಲಿಗೆ ಹೋಗಬೇಕು? ಅವನು ಊರನ್ನು ಬದಲಿಸಲಾರನು. ಹಾಗಾದರೆ ಊರೇ ಅವನಿಗಾಗಿ ಬದಲಾಗಬೇಕಲ್ಲವೇ?

ನಾಲ್ಕನೆಯ ಉಪಾಯವು ನಮ್ಮದು, ಅಂದರೆ ಮಠದ ಪ್ರತಿಜ್ಞೆ. ಇದರ ವಿಷಯವಾಗಿ ಮಾತನಾಡಲು ನನಗೆ ಅಂಜಿಕೆಯಾಗುತ್ತದೆ. ಆದರೂ ಗುರುಸನ್ನಿಧಿಯಲ್ಲಿ ಸತ್ಯವನ್ನು ಮುಚ್ಚುವದಕ್ಕಿಂತ ಹೇಳಿ ತಪ್ಪಿತಸ್ಥನಾಗುವದು ಲೇಸು.

ಸವಣೂರಿನ ಕಡೆಯ ಒಂದು ಎಲೆತೋಟದಲ್ಲಿ ದುಡಿಯುತ್ತಿದ್ದ ಗೃಹಸ್ಥನೊಬ್ಬನು ಇಷ್ಟಲಿಂಗವನ್ನು ಹಿಡಿದು ಪ್ರತಿಜ್ಞೆ ಮಾಡಿ ಏಳು ತಿಂಗಳು ಕುಡಿಯಲಿಲ್ಲ. ನಾವು ಅವನಿಗೆ ಸಭೆಯಲ್ಲಿ ಶಾಲು ಹೊದಿಸಿದೆವು. ಅವನನ್ನು ಉಳಿದವರಿಗೆ ದೃಷ್ಟಾಂತವನ್ನಾಗಿ ಮಾಡಿದೆವು. ಎಂಟನೆಯ ತಿಂಗಳಿನಲ್ಲಿ, ಮಗಳ ಮದುವೆಯ ಸಾಲದ ಚಿಂತೆಯಲ್ಲಿ, ಒಂದು ರಾತ್ರಿ ಎಡವಿದನು. ಅಲ್ಲಿಂದ ಮೂರು ವರ್ಷ ಅವನು ಮಠದ ಹೊಸ್ತಿಲನ್ನು ತುಳಿಯಲಿಲ್ಲ. ನಾನು ಎದುರಿಗೆ ಬಂದರೆ ಬೇರೆ ಓಣಿಯನ್ನು ಹಿಡಿಯುವನು. ಲಿಂಗದ ಮೇಲೆ ಆಣೆಯಿಟ್ಟು ತಪ್ಪಿದವನು ಗುರುದ್ರೋಹಿಯೆಂದು ನಾವೇ ಕಲಿಸಿದ್ದೆವು. ಅವನು ಆ ಪಾಠವನ್ನು ಚೆನ್ನಾಗಿ ಕಲಿತಿದ್ದನು. ಬೇರೆಡೆಗೆ ಹೋಗಲಾರದವನಾಗಿ ಎಲ್ಲಿ ಹೋದನು? ಯಾರೂ ಛೀ ಎನ್ನದ ಒಂದೇ ಸ್ಥಳಕ್ಕೆ, ಅಂಗಡಿಗೆ. ಬಂಧುಗಳೇ, ಅಂಗಡಿಯವನು ಅವನನ್ನು ಹೆಸರು ಹಿಡಿದು ಕರೆದು ಕೂಡ್ರಿಸುತ್ತಿದ್ದನು, ನಾವು ಕೂಡ್ರಿಸಲಿಲ್ಲ. ಈ ಒಂದು ಮಾತಿನಲ್ಲಿ ಅಂಗಡಿಯು ಮಠಕ್ಕಿಂತ ಮೇಲಾಯಿತೆಂದು ಹೇಳಲು ನನ್ನ ನಾಲಿಗೆ ತಡೆಯುತ್ತದೆ. ಆದರೆ ಅದು ನಿಜ.

ವ್ಯಸನವು ಪಾಪವೋ ರೋಗವೋ ಎಂಬ ವಾದವು ದೊಡ್ಡವರಲ್ಲಿ ನಡೆದಿದೆ. ಪಾಪವೆಂದರೆ ಅವನು ಅಪರಾಧಿಯಾಗುತ್ತಾನೆ, ರೋಗವೆಂದರೆ ರೋಗಿಯಾಗುತ್ತಾನೆ. ರೋಗವೆಂಬ ಮಾತೇ ಹೆಚ್ಚು ಕರುಣೆಯದು, ಹೆಚ್ಚು ಸತ್ಯವಾದದ್ದು; ಅದನ್ನು ನಾನು ಒಪ್ಪುತ್ತೇನೆ. ಆದರೆ ಈ ಎರಡು ಮಾತುಗಳಲ್ಲಿಯೂ ಅವನು ಒಬ್ಬಂಟಿಗನೇ. ಒಬ್ಬನು ಪಶ್ಚಾತ್ತಾಪ ಪಡಬೇಕು, ಇಲ್ಲವೆ ಗುಳಿಗೆ ನುಂಗಬೇಕು. ಉಳಿದವರು ದೂರ ನಿಂತು ಫಲವನ್ನು ನೋಡಬೇಕು. ಅವನು ನಮ್ಮವನು ಎಂಬ ಮೂರನೆಯ ಮಾತು ಎಲ್ಲಿದೆ?

ಆ ಮಾತು ನಮ್ಮ ಪರಂಪರೆಯಲ್ಲಿಯೇ ಇದೆ. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನಿದ್ದಾನೆ. ಹೆಂಡ ಮಾರುವದು ಅವನ ವೃತ್ತಿ. ಕುಡಿಯಲು ಬಂದವರಿಗೆ ಶಿವಾನುಭವವನ್ನು ಹೇಳಿ ಅವರನ್ನು ತಿದ್ದುತ್ತಿದ್ದನೆಂದು ಪರಂಪರೆಯು ಹೇಳುತ್ತದೆ. ಶರಣರು ಅವನ ಹೆಸರಿನ ಹಿಂದಿರುವ ಹೆಂಡವನ್ನು ಅಳಿಸಿ ಒಳಗೆ ಕರೆಯಲಿಲ್ಲ, ಹೆಸರಿನೊಡನೆಯೇ ಕರೆದುಕೊಂಡರು. ನಮ್ಮ ಸೀಮೆಯ ಗುರುಗಳ ನಡೆಯೂ ಇದೇ. ಹಾನಗಲ್ಲ ವಿರಕ್ತಮಠದ ಪೂಜ್ಯ ಕುಮಾರ ಸ್ವಾಮಿಗಳು (1867–1930) ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಅಂಧ ಬಾಲಕರಲ್ಲಿ ಸಂಗೀತದ ಶಕ್ತಿಯನ್ನು ಕಂಡು ಪೋಷಿಸಿದರು; ಅವರಲ್ಲೊಬ್ಬರು ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದರು. ಮೊದಲು ಕಣ್ಣು ಪಡೆದು ಬಾ, ಅನಂತರ ಕಲಿಸುವೆನು ಎಂದು ಆ ಗುರುಗಳು ಹೇಳಲಿಲ್ಲ. ನಾವಾದರೋ, ಮೊದಲು ಬಿಟ್ಟು ಬಾ, ಅನಂತರ ಒಳಗೆ ಕರೆಯುವೆವು ಎನ್ನುತ್ತೇವೆ. ಶಿಗ್ಗಾಂವಿ ತಾಲೂಕಿನ ಶಿಶುನಾಳದ ಶರೀಫ ಸಾಹೇಬರನ್ನು ಗೋವಿಂದಭಟ್ಟರು ಶಿಷ್ಯರನ್ನಾಗಿ ಕೈಹಿಡಿದಾಗಲೂ ಯಾವ ಹೊಸ್ತಿಲೂ ಅಡ್ಡ ಬರಲಿಲ್ಲ.

ಇನ್ನು ಜೋಳಿಗೆಯ ಮಾತು. ಇಳಕಲ್ಲ ಚಿತ್ತರಗಿ ಸಂಸ್ಥಾನಮಠದ ಪೂಜ್ಯ ಮಹಾಂತ ಸ್ವಾಮಿಗಳು (1930–2018) 1975ರಲ್ಲಿ ಜೋಳಿಗೆ ಹಿಡಿದು ಬೀದಿಗಿಳಿದರು. ಕಾಳು ಬೇಡಲಿಲ್ಲ, ಕಾಣಿಕೆ ಬೇಡಲಿಲ್ಲ. ನಿಮ್ಮ ದುಶ್ಚಟವನ್ನು ಇದರಲ್ಲಿ ಹಾಕಿರಿ ಎಂದು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆ ಮಹಾತ್ಮರು ಕುಡುಕನನ್ನು ಮಠಕ್ಕೆ ಕರೆಯಿಸಲಿಲ್ಲ, ತಾವೇ ಅವನ ಬಾಗಿಲಿಗೆ ನಡೆದರು; ಇದೇ ಅದರ ಮರ್ಮ. ಅವರನ್ನು ಅನುಕರಿಸಿದ ನಾವು ಜೋಳಿಗೆಯನ್ನು ಮಾತ್ರ ಹಿಡಿದೆವು, ನಡಿಗೆಯನ್ನು ಮರೆತೆವು.

ಜೋಳಿಗೆಯ ಧರ್ಮವೇನು? ಭಿಕ್ಷೆಯಾಗಿ ಬಂದ ಕಾಳು ಮಠದಲ್ಲಿ ಕೊಳೆಯುವದಿಲ್ಲ; ದಾಸೋಹದ ಅನ್ನವಾಗಿ ಕೊಟ್ಟವನ ಎಡೆಗೇ ಮರಳಿ ಬರುತ್ತದೆ. ಕುಮಾರ ಸ್ವಾಮಿಗಳು 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಡದಲ್ಲಿ ಸ್ಥಾಪಿಸಿದ ಶಿವಯೋಗಮಂದಿರವು ಭಕ್ತರ ಭಿಕ್ಷೆಯನ್ನು ವಟುಗಳ ವಿದ್ಯೆಯನ್ನಾಗಿ ಮಾಡಿ ಸಮಾಜಕ್ಕೆ ಮರಳಿಸಿತು. ಹಾಗಿರಲು, ಒಬ್ಬನು ತನ್ನ ವ್ಯಸನವನ್ನು ನಮ್ಮ ಜೋಳಿಗೆಗೆ ಹಾಕಿದಾಗ ನಾವು ಅವನಿಗೆ ಏನನ್ನು ಮರಳಿಸಿದೆವು? ಕುಡಿತವು ಅವನಿಗೆ ಕೇವಲ ವಿಷವಾಗಿರಲಿಲ್ಲ. ಅದೇ ಅವನ ಸಂಜೆ, ಅದೇ ಅವನ ಗೆಳೆತನ, ಅದೇ ಅವನ ನಿದ್ರೆ. ಇವೆಲ್ಲವನ್ನೂ ತೆಗೆದುಕೊಂಡು ಬರಿದಾದ ಮನೆಯಲ್ಲಿ ಅವನನ್ನು ಕೂಡ್ರಿಸಿ ಬಂದೆವು. ಬರಿದಾದ ಮನೆಗೆ ಹಳೆಯ ಒಕ್ಕಲು ಮರಳಿ ಬಂದರೆ ಆಶ್ಚರ್ಯವೇನು?

ಈ ಮರಳಿಸುವಿಕೆಯು ಆಗಲಾರದ ಮಾತಲ್ಲ. 1935ರಲ್ಲಿ ಅಮೇರಿಕೆಯಲ್ಲಿ ಕುಡಿತದಿಂದ ಹಾಳಾಗಿದ್ದ ಒಬ್ಬ ಷೇರುಪೇಟೆಯ ದಲಾಲಿಯೂ ಒಬ್ಬ ಶಸ್ತ್ರವೈದ್ಯನೂ ಎದುರುಬದುರು ಕುಳಿತು ತಮ್ಮ ಕಥೆಯನ್ನು ಒಬ್ಬರಿಗೊಬ್ಬರು ಹೇಳಿಕೊಂಡದ್ದರಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘವು ಹುಟ್ಟಿತು. ಅದರ ಕೂಟಗಳು ನಮ್ಮ ನಾಡಿನಲ್ಲಿಯೂ ನಡೆಯುತ್ತವೆ. ಶ್ರೀಕ್ಷೇತ್ರ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳು ಎಂಟು ದಿನಗಳಿಗೆ ಮುಗಿದರೂ, ಅಲ್ಲಿಂದ ಹೊರಬಂದವರು ನವಜೀವನ ಸಮಿತಿಗಳಾಗಿ ಕೂಡಿರುತ್ತಾರೆ. ಶಿಬಿರಕ್ಕಿಂತ ಆ ಕೂಟವೇ ದೊಡ್ಡದೆಂದು ನನ್ನ ಭಾವನೆ.

ಆದ್ದರಿಂದ ಈ ಮಹೋತ್ಸವದ ನೆನಪಿಗಾಗಿ ಶ್ರೀಮಠದ ಅಡಿಗಳಲ್ಲಿ ಕೆಲವು ಬಿನ್ನಹಗಳನ್ನು ಇಡುತ್ತೇನೆ. ಮೊದಲನೆಯದಾಗಿ, ಬಹುಕಾಲ ನಿತ್ಯವೂ ಕುಡಿದವನಿಗೆ ಇಂದೇ ಬಿಡು ಎಂದು ಹೇಳದಿರೋಣ. ಇಂದೇ ವೈದ್ಯನಲ್ಲಿಗೆ ನಡೆ, ನಿನ್ನ ಸಂಗಡ ನಾನೂ ಬರುವೆನು ಎನ್ನೋಣ. ಎರಡನೆಯದಾಗಿ, ಪ್ರತಿಜ್ಞಾ ಪುಸ್ತಕದಲ್ಲಿ ಪ್ರತಿಯೊಂದು ಹೆಸರಿನ ಮುಂದೆ ಒಬ್ಬ ಭಕ್ತನ ಹೆಸರಿರಲಿ. ಮರುದಿನ, ಮೂರನೆಯ ದಿನ, ಏಳನೆಯ ದಿನ, ಮುಂದೆ ತಿಂಗಳು ತಿಂಗಳು ಅವನ ಬಾಗಿಲಿಗೆ ಹೋಗುವ ಹೊಣೆ ಆ ಭಕ್ತನದು. ಮೂರನೆಯದಾಗಿ, ಮುಚ್ಚಂಜೆಯ ಎರಡು ತಾಸು ಮಠದ ಕಟ್ಟೆಯು ಅವರಿಗಾಗಿ ತೆರೆದಿರಲಿ. ಭಜನೆ ಬೇಕಾದವರಿಗೆ ಭಜನೆ, ಕಾಯಕ ಬೇಕಾದವರಿಗೆ ದಾಸೋಹದ ಕಾಯಕ, ಏನೂ ಬೇಡವಾದವರಿಗೆ ಸುಮ್ಮನೆ ಕೂಡ್ರಲು ಒಂದು ಸ್ಥಳ. ನಾಲ್ಕನೆಯದಾಗಿ, ಅವರ ತಾಯಂದಿರಿಗೂ ಹೆಂಡಂದಿರಿಗೂ ಬೇರೆಯಾಗಿ ಒಂದು ಕೂಟವಿರಲಿ. ಮನೆಯಲ್ಲಿ ಏಟು ತಿಂದವಳಿಗೆ ತಾಳ್ಮೆಯನ್ನಷ್ಟೇ ಬೋಧಿಸದೆ ರಕ್ಷಣೆಯನ್ನು ಕೊಡೋಣ. ಕಡೆಯದಾಗಿ, ಎಡವಿದವನು ಮರಳಿ ಬಂದು ಎರಡನೆಯ ಸಲ ಹೆಸರು ಬರೆಯಿಸಿದರೆ, ಮೊದಲನೆಯ ಸಲಕ್ಕಿಂತ ಹೆಚ್ಚಿನ ಗೌರವದಿಂದ ಬರೆದುಕೊಳ್ಳೋಣ. ಯಾಕಂದರೆ ಮೊದಲನೆಯ ಸಲ ಅವನು ಬಂದದ್ದು ಚಪ್ಪಾಳೆಯ ನಡುವೆ. ಎರಡನೆಯ ಸಲ ಬಂದದ್ದು ನಾಚಿಕೆಯನ್ನು ದಾಟಿ.

ಇದು ಮೃದುತನವೆಂದು ಕೆಲವು ಹಿರಿಯರು ಆಕ್ಷೇಪಿಸಬಹುದು. ಅವರಲ್ಲಿ ನನ್ನದೊಂದು ವಿನಂತಿ. ಸವಣೂರಿನ ವೀಳ್ಯದೆಲೆಯು ನಾಡಿಗೆಲ್ಲ ಹೆಸರಾದದ್ದು. ಆ ಎಲೆಯೊಳಗೆ ತಂಬಾಕನ್ನು ಮಡಚಿ ದವಡೆಗಿಟ್ಟುಕೊಂಡು ಮದ್ಯನಿಷೇಧದ ಸಭೆಗೆ ಬರುವ ಎಷ್ಟೋ ಜನರನ್ನು ನಾನು ಬಲ್ಲೆನು. ಹಿಂದೆ ನಾನೂ ಅವರಲ್ಲೊಬ್ಬನಾಗಿದ್ದೆನು. ತಂಬಾಕಿನಿಂದ ಕ್ಯಾನ್ಸರ್ ಬರುವದೆಂದು ಎಲ್ಲರಿಗೂ ಗೊತ್ತು. ಬರಿಯ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಆ ಸಾಲಿಗೆ ಸೇರಿಸಿದೆ. ಗೊತ್ತಿದ್ದೂ ಬಿಡಲು ನಾನು ಎಷ್ಟು ಸಲ ಎಡವಿದೆನೆಂಬದನ್ನು ಎಣಿಸಿದ ಮೇಲೆ, ಇನ್ನೊಬ್ಬನು ಎಡವಿದ್ದನ್ನು ಎಣಿಸುವ ಧೈರ್ಯ ನನಗೆ ಉಳಿಯಲಿಲ್ಲ.

ಸವಣೂರಿನ ಕಡೆಯ ಆ ಗೃಹಸ್ಥನ ಕಥೆಯನ್ನು ಮುಗಿಸಿ ನನ್ನ ಮಾತನ್ನೂ ಮುಗಿಸುತ್ತೇನೆ. ಮೂರು ವರ್ಷಗಳಾದ ಮೇಲೆ ಒಂದು ಸಂಜೆ ನಮ್ಮಲ್ಲಿಯ ವೃದ್ಧರೊಬ್ಬರು ಪ್ರಸಾದವನ್ನು ಕಟ್ಟಿಕೊಂಡು ಅವನ ಮನೆಗೆ ಹೋದರು. ಕುಡಿದಿದ್ದೀಯಾ ಎಂದು ಕೇಳಲಿಲ್ಲ. ಉಂಡೆಯಾ ಎಂದು ಕೇಳಿದರು. ಅವನು ಅತ್ತನು. ಮರುವಾರ ಆ ವೃದ್ಧರ ಹಿಂದೆ ಹಿಂದೆ ಮಠಕ್ಕೆ ಬಂದನು. ಆಮೇಲೆ ಅವನು ಒಮ್ಮೆಲೆ ನೆಟ್ಟಗಾದನೆಂದು ತಾವು ತಿಳಿಯಬಾರದು. ಮತ್ತೆರಡು ಸಲ ಎಡವಿದನು. ಎರಡು ಸಲವೂ ಓಣಿ ತಪ್ಪಿಸಲಿಲ್ಲ, ನೆಟ್ಟಗೆ ಇಲ್ಲಿಗೇ ಬಂದನು. ಇಂದು ತಾವೆಲ್ಲರೂ ಉಂಡ ಪ್ರಸಾದದ ಒಲೆಗೆ ಬೆಳಗಿನಿಂದ ಕಟ್ಟಿಗೆ ಒಟ್ಟಿದವರಲ್ಲಿ ಅವನೂ ಒಬ್ಬನು. ಯಾರೆಂದು ನಾನು ಹೇಳುವದಿಲ್ಲ, ತಾವೂ ಹುಡುಕಬಾರದು.

ಜೋಳಿಗೆಯು ಒಂದು ಸಲ ಹೋಗಿ ಬೇಡಿದರೆ ಅದು ಭಿಕ್ಷೆ. ಮರಳಿ ಮರಳಿ ಹೋಗಿ ವಿಚಾರಿಸಿದರೆ ಅದು ದಾಸೋಹ. ಈ ಎರಡನೆಯದು ನಮ್ಮಿಂದ ನಡೆಯುವಂತೆ ಗುರುಕೃಪೆಯಾಗಲೆಂದು ಪ್ರಾರ್ಥಿಸಿ, ಹೆಚ್ಚುಕಡಿಮೆ ಆಡಿದ್ದನ್ನು ಕ್ಷಮಿಸಬೇಕೆಂದು ಬೇಡಿಕೊಂಡು ವಿರಮಿಸುತ್ತೇನೆ.